ಅರ ತಾಗಿದ ಹಲ್ಲು

ಸಿರಸಂಗಿಯ ನಿಜಗುಣಪ್ಪ ಪತ್ತಾರರ ಅಂಗಡಿಯಿಂದ ಮೈಗೆ ಚುಚ್ಚುವ ಒಡವೆ ಹೊರಬಿದ್ದದ್ದೇ ಇಲ್ಲ. ಮಾಡಿದ್ದನ್ನು ಮೊದಲು ತಮ್ಮ ಎಡ ಮಣಿಕಟ್ಟಿನ ಮೇಲೆ ಎಳೆದು ನೋಡುವುದು, ಗೀರಿದರೆ ಮತ್ತೆ ಅರ ಹಿಡಿದು ಉಜ್ಜುವುದು, ನಲವತ್ತು ವರ್ಷದಿಂದ ಇದೇ ಪದ್ಧತಿ. ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದರು. ಕೇಳಿ ಕೇಳಿ ನನಗಂತೂ ತಲೆ ಚಿಟ್ಟು ಹಿಡಿದಿತ್ತು.

ಕಳೆದ ವರ್ಷ ಭೂವಿಜ್ಞಾನ ಓದುವ ನಮ್ಮೂರ ಫಿರದೋಸ್ ಪತ್ತಾರರ ಕೈಗೆ ಒಂದು ಹಲ್ಲು ಕೊಟ್ಟಳು. ಅಂಗೈ ತುಂಬುವಷ್ಟು ದೊಡ್ಡದು, ಕಲ್ಲಾಗಿಹೋಗಿತ್ತು. ಎಂದೋ ಅಳಿದುಹೋದ ದೈತ್ಯ ಶಾರ್ಕಿನದಂತೆ. ಅವಳ ಓದು ಮೆಚ್ಚಿ ಗುರುಗಳು ಕೊಟ್ಟದ್ದು.

"ತೂತು ಹಾಕಬ್ಯಾಡ್ರಿ ಕಾಕಾ. ಮ್ಯಾಲ ಬೆಳ್ಳಿ ಕಟ್ಟು ಹಾಕಿ ಕೊಂಡಿ ಇಡ್ರಿ, ಸಾಕು. ಸಾಲಿ ಹುಡುಗರಿಗೆ ತೋರಿಸ್ಬೇಕು."

ನಾಲ್ಕು ದಿನ ಬಿಟ್ಟು ನಾನು ಹೆಂಡತಿಯ ಕಾಲುಂಗುರ ತರಲು ಹೋಗಿದ್ದೆ. "ಆ ಹಲ್ಲು ಭಾರೀ ಚೂಪು ಇತ್ತಪಾ, ಉಜ್ಜಿ ಉಜ್ಜಿ ಸಾಕಾತು" ಎಂದು ಪತ್ತಾರರು ಬೀಗುತ್ತಿದ್ದಾಗಲೇ ಫಿರದೋಸ್ ಬಂದಳು.

"ಕನ್ನಡಿ ಮಾಡೇನಿ, ನೋಡವ್ವಾ."

"ಭಾಳ ಚಂದ ಆಗೇತಿ" ಎಂದು ನಾನೂ ಬಾಯಿ ಹಾಕಿದೆ.

ಅವಳು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಇನ್ನೊಮ್ಮೆ ಆಡಿಸಿದಳು. ಮುಖ ಬಾಡಿತು.

"ಇಲ್ಲಿ ಗರಗಸದಂಗ ಹಲ್ಲು ಇದ್ದವಲ್ರಿ ಕಾಕಾ? ತಿಮಿಂಗಿಲ ಕೊಯ್ದು ತಿಂತಿದ್ದದ್ದು ಅದರಿಂದನ. ಹುಡುಗರು ಮುಟ್ಟಿ ನೋಡ್ಲಿ ಅಂತ ಆಸೆ ಇತ್ತು."

ಪತ್ತಾರರು ನನ್ನ ಕಡೆ ನೋಡಲಿಲ್ಲ. "ಇಲ್ಲವ್ವಾ, ಬಂದಾಗನ ಹಿಂಗ ನುಣ್ಣಗಿತ್ತು."

ಸುಳ್ಳು. ನನಗೆ ಗೊತ್ತಿತ್ತು. ಆದರೂ ಕಾಲುಂಗುರವನ್ನು ಮೊದಲ ಸಲ ಕಂಡವನಂತೆ ತಿರುವಿ ತಿರುವಿ ನೋಡುತ್ತ ಕುಳಿತೆ.

"ಹೌದೇನೊ. ನಾನ ಮರತಿರಬೇಕು" ಎಂದಳು. ಹಿರಿಯರ ಮಾತಿಗೆ ಎದುರಾಡದ ಹುಡುಗಿ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಲ್ಲನ್ನು ಗುಲಾಬಿ ಕಾಗದದಲ್ಲಿ ಸುತ್ತುತ್ತ ಕೇಳಿದಳು, "ಕೈಗೇನಾತ್ರಿ ಕಾಕಾ?"

ಅವರ ಎಡ ಮಣಿಕಟ್ಟಿನ ಮೇಲೆ ಸಣ್ಣ ಸಣ್ಣ ಗೀರುಗಳು ಒತ್ತೊತ್ತಾಗಿ ಕಪ್ಪುಗಟ್ಟಿದ್ದವು. ಮುಚ್ಚಿಕೊಳ್ಳಲು ಹೋದರು, ಅರ್ಧ ತೋಳಿನ ಅಂಗಿ ಸಾಲಲಿಲ್ಲ.

"ಈ ಹಲ್ಲನ ಗೀರೇತವ್ವಾ" ಎಂದರು ಕೊನೆಗೆ. "ನಾನ ಅರ ಹಾಕಿ ಕೆಡಿಸೇನಿ. ಸುಳ್ಳು ಹೇಳಿದೆ."

ಫಿರದೋಸ್ ಆ ಗೀರುಗಳ ಮೇಲೆ ಮೆಲ್ಲಗೆ ಹೆಬ್ಬೆರಳು ಆಡಿಸಿದಳು. "ಹಂಗಾದ್ರ ನಾಳೆ ನೀವೂ ಸಾಲಿಗೆ ಬರ್ರಿ."

ಅವರು ಹೋದರು. ಹುಡುಗರು ಹಲ್ಲನ್ನು ಕಣ್ಣಿನಿಂದ ನೋಡಿ, ಪತ್ತಾರರ ಮಣಿಕಟ್ಟನ್ನು ಬೆರಳಿನಿಂದ ಮುಟ್ಟಿದರಂತೆ. ಹಲ್ಲು ಯಾಕೆ ನುಣ್ಣಗಿದೆ ಎಂದು ಒಬ್ಬಳು ಕೇಳಿದ್ದಕ್ಕೆ, ತಲೆ ತಗ್ಗಿಸಿ ತಾವೇ ಎಲ್ಲ ಹೇಳಿದರಂತೆ.

ಅಂದಿನಿಂದ ನಲವತ್ತು ವರ್ಷದ ಮಾತು ಅವರ ಬಾಯಲ್ಲಿ ಬಂದಿಲ್ಲ. ನನ್ನನ್ನೂ ಸಾಲಿಗೆ ಕರೆದಿದ್ದರು. ಹೋಗಲು ನನಗೆ ಮುಖವಿರಲಿಲ್ಲ.