ಗಂಜಿ ಹಾಕಿದ ನಕ್ಷತ್ರಗಳು

ಅನನ್ಯಾಳಿಗೆ ಮೂರು ತುಂಬಿ ಏಳು ತಿಂಗಳಾಗಿತ್ತು. ಇನ್ನೂ ‘ಅಮ್ಮ’ ಅಂದಿರಲಿಲ್ಲ. ಒಲೆಯ ಮುಂದೆ ನಿಂತರೂ ಲಿಫ್ಟಿಗೆ ಕಾದರೂ ಲಾವಣ್ಯಾಳ ತಲೆಯನ್ನು ಇದೊಂದೇ ಕೊರೆಯುತ್ತಿತ್ತು.

ಘಾಜಿಯಾಬಾದಿನ ಆ ಹನ್ನೊಂದನೆಯ ಮಹಡಿಯ ಮನೆಯಲ್ಲಿ ಮಾತಿಗೇನೂ ಬರವಿರಲಿಲ್ಲ. ಇದು ಚಮಚ, ಇದು ಪಾರಿವಾಳ, ಇದು ನಿನ್ನ ಮೂಗು ಎಂದು ಅವಳು ದಿನವಿಡೀ ಹೇಳುತ್ತಲೇ ಇರುತ್ತಿದ್ದಳು. ಮಗು ಕೇಳಿಸಿಕೊಳ್ಳುತ್ತಿತ್ತು, ಬೇಕಾದ್ದರ ಹತ್ತಿರ ಅವಳ ಕೈ ಹಿಡಿದೆಳೆಯುತ್ತಿತ್ತು, ಅಷ್ಟೇ.

ಪ್ಲೇಸ್ಕೂಲಿನ ಅಮಿತಾ ಮೇಡಂ ಜುಲೈನಲ್ಲೇ ಕೇಳಿದ್ದರು. “ಮನೆಯಲ್ಲಾದರೂ ಮಾತಾಡ್ತಾಳಾ?”

“ತುಂಬಾ ಮಾತಾಡ್ತಾಳೆ ಮ್ಯಾಮ್. ಎಲ್ಲಾ ಕನ್ನಡದಲ್ಲೇ. ಹಿಂದಿ ಬರಲ್ಲ ನೋಡಿ, ಅದಕ್ಕೇ ಇಲ್ಲಿ ಸುಮ್ಮನಿರ್ತಾಳೆ.”

“ಅಚ್ಛಾ, ಹಾಗಿದ್ರೆ ಚಿಂತೆಯಿಲ್ಲ.”

ಎಷ್ಟು ಸಲೀಸಾಗಿ ಬಂದುಬಿಟ್ಟಿತ್ತು ಆ ಸುಳ್ಳು. ಆ ಶಾಲೆಯಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ.

ಡಿಸೆಂಬರಿನಲ್ಲಿ ಮೇಡಂ ಮತ್ತೆ ಕರೆದರು. ಮಾತಾಡದ ಮಗುವನ್ನು ಏಪ್ರಿಲ್‌ನಲ್ಲಿ ಮುಂದಿನ ಕ್ಲಾಸಿಗೆ ಕಳಿಸುವುದು ಕಷ್ಟ ಎಂದರು. ಲಾವಣ್ಯಾ ಶಾಲೆಯ ಕ್ರಿಸ್ಮಸ್ ಮರಕ್ಕೆ ಐವತ್ತು ಕ್ರೋಶಾ ನಕ್ಷತ್ರ ಹೆಣೆದುಕೊಡುತ್ತೇನೆಂದು ಹೇಳಿ ಎದ್ದುಬಂದಳು. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದ ಕೆಲಸ. ನಕ್ಷತ್ರ ಚಂದ ಬಂದರೆ ಮೇಡಂ ಮನಸ್ಸು ಕರಗೀತು, ಇನ್ನೊಂದು ವರ್ಷ ಸಿಕ್ಕೀತು, ಅಷ್ಟರೊಳಗೆ ಮಗು ಮಾತಾಡೀತು.

“ಡಾಕ್ಟರ ಹತ್ರ ಹೋಗೋಣ ಅಂದ್ರೆ ಟೈಮಿಲ್ಲ ನಿಂಗೆ. ಇದಕ್ಕಿದೆ,” ಅಂದ ಗಂಡ ಪ್ರಜ್ವಲ್, ನೂಲಿನ ಉಂಡೆಯನ್ನು ಸೋಫಾದಿಂದ ಸರಿಸುತ್ತಾ.

“ನೀನೂ ಮೂರಾದ ಮೇಲೇ ಮಾತಾಡಿದ್ದಂತೆ. ಅತ್ತೆಯೇ ಹೇಳಿದ್ರು.”

“ಈಗಲಾದ್ರೂ ಮಾತಾಡೋಕೆ ಎಲ್ಲಿ ಬಿಡ್ತೀಯ?”

ಕ್ರೋಶಾ ನಕ್ಷತ್ರ ಹಾಗೇ ಬಿಟ್ಟರೆ ಒದ್ದೆ ಬಟ್ಟೆಯಂತೆ ಜೋತುಬೀಳುತ್ತದೆ, ಗಂಜಿ ಹಾಕಿದರೇ ಸೆಟೆದು ನಿಲ್ಲುವುದು. ಊರಲ್ಲಿ ಹತ್ತಿ ಸೀರೆಗೆ ಹಾಕುತ್ತಿದ್ದಂತೆ ಲಾವಣ್ಯಾ ಕುಚ್ಚಲಕ್ಕಿ ಗಂಜಿಯ ತಿಳಿಯಲ್ಲಿ ಐವತ್ತನ್ನೂ ಅದ್ದಿದಳು. ಥರ್ಮಾಕೋಲಿನ ಮೇಲೆ ಹರವಿ, ಒಂದೊಂದು ಮೂಲೆಗೂ ಗುಂಡುಪಿನ್ನು ಚುಚ್ಚಿ ಬಾಲ್ಕನಿಯಲ್ಲಿಟ್ಟಳು. ಮಂಗಳೂರಿನ ಬಿಸಿಲಾಗಿದ್ದರೆ ಮಧ್ಯಾಹ್ನಕ್ಕೇ ಒಣಗುತ್ತಿದ್ದವು. ಇಲ್ಲಿ ಮಂಜು ನಾಲ್ಕು ದಿನ ಕದಲಲಿಲ್ಲ, ಎದುರಿನ ಟವರ್ ಕೂಡ ಕಾಣಲಿಲ್ಲ.

ಐದನೆಯ ದಿನ ಬೆಳಿಗ್ಗೆ ನೋಡಿದರೆ ಬಿಳಿ ನೂಲು ಮಾಸಲು ಕೆಂಪಾಗಿತ್ತು. ಹುಳಿ ನಾತ. ಮಡಿಕೆಗಳಲ್ಲೆಲ್ಲ ಕಪ್ಪು ಬೂಷ್ಟು. ಬಿಸಿನೀರಲ್ಲಿ ಉಜ್ಜಿದಳು, ಬ್ರಶ್ಶು ಹಾಕಿ ತಿಕ್ಕಿದಳು. ಎಳೆ ಬಿಟ್ಟುಕೊಂಡಿತೇ ಹೊರತು ಕಲೆ ಹೋಗಲಿಲ್ಲ. ಮರ ಸಿಂಗರಿಸುವುದು ನಾಳೆ.

ಅನನ್ಯಾ ಬಂದು ಮೂಸಿದಳು, ಮೂಗು ಮುಚ್ಚಿಕೊಂಡಳು. ಅಮ್ಮನ ಕೈ ಹಿಡಿದು ಕಸದ ಬುಟ್ಟಿಯ ಕಡೆ ಎಳೆದಳು.

“ಏನು ಪುಟ್ಟಾ, ನಾತವಾ? ಥೂ ಅನ್ನು. ಒಂದ್ಸಲ ಥೂ ಅನ್ನು, ಸಾಕು.”

ಮಗು ಅವಳ ತುಟಿಗಳನ್ನೇ ನೋಡಿತು. ಬಾಯಿ ತೆರೆಯಿತು. ಲಾವಣ್ಯಾ ಉಸಿರು ಹಿಡಿದಳು. ಮಗು ಬಾಯಿ ಮುಚ್ಚಿಕೊಂಡು ಮತ್ತೆ ಕೈ ಎಳೆಯಿತು.

ಲಾವಣ್ಯಾ ನೆಲದ ಮೇಲೆ ಕುಕ್ಕರಿಸಿದಳು. ಒದ್ದೆ ಕೈಯಲ್ಲೇ ಮೇಡಂಗೆ ಫೋನು ಮಾಡಿದಳು.

“ಮ್ಯಾಮ್, ನಕ್ಷತ್ರ ಎಲ್ಲಾ ಹಾಳಾಯ್ತು.”

“ಅರೆ, ಅಷ್ಟೇನಾ? ಮಾರ್ಕೆಟ್ಟಿಂದ ತರಿಸ್ತೀನಿ ಬಿಡಿ. ಚಲೋ, ಫೋನ್ ಇಡ್ಲಾ?”

“ಇಡಬೇಡಿ ಮ್ಯಾಮ್.” ಲಾವಣ್ಯಾ ಮಗಳನ್ನು ಹತ್ತಿರಕ್ಕೆಳೆದುಕೊಂಡಳು. “ಅನನ್ಯಾ ಮನೆಯಲ್ಲೂ ಮಾತಾಡಲ್ಲ. ಕನ್ನಡದಲ್ಲೂ ಇಲ್ಲ. ಯಾವತ್ತೂ ಆಡಿಲ್ಲ.”