ಫಾರ್ಮ್ ಕಾಕಾ ಮತ್ತು ಸೈನ್ಯದ ಕಾಗದ

ಹೋದ ವಾರ ರೌಂಡ್ ರಾಕ್ ಲೈಬ್ರರಿಗೆ ಪಾಸ್‌ಪೋರ್ಟಿನ ಜೆರಾಕ್ಸ್ ತೆಗೆಯಲು ಹೋಗಿದ್ದೆ. ಯಂತ್ರದಿಂದ ಹಾಳೆ ಬಿಸಿಬಿಸಿಯಾಗಿ ಹೊರಗೆ ಬಂತು. ಕೈಗೆತ್ತಿಕೊಂಡಾಗ ಆ ಕಾದ ಇಂಕಿನ ವಾಸನೆ ಮೂಗಿಗೆ ಬಡಿಯಿತು, ಮೈಯೆಲ್ಲ ಉರಿದುಹೋಯಿತು. ಹಳೆಯವರು ನೆನಪಾದರೆ ಕಣ್ಣು ತುಂಬಿ ಬಂತು ಎಂದು ಜನ ಬರೆಯುತ್ತಾರೆ. ನನಗೆ ಆ ಮನುಷ್ಯ ನೆನಪಾದಾಗಲೆಲ್ಲ ಮೊದಲು ಬರುವುದು ಸಿಟ್ಟು.

ಮೊದಲು ನಾವಿದ್ದ, ಟೆಕ್ಸಾಸಿನ ಡಲ್ಲಾಸ್ ಪಕ್ಕದ ಯೂಲೆಸ್‌ನಲ್ಲಿ ನಮ್ಮಿಂದ ಮೂರನೆಯ ಮನೆ ಅವರದು. ವಿಮಾನ ನಿಲ್ದಾಣ ಪಕ್ಕದಲ್ಲೇ ಇದ್ದದ್ದರಿಂದ ತಲೆ ಮೇಲೆ ವಿಮಾನ ಹೋದರೆ ಎಲ್ಲರೂ ಮಾತು ಅರ್ಧಕ್ಕೆ ನಿಲ್ಲಿಸಿ ಕಾಯುವುದು ಅಲ್ಲಿನ ರೂಢಿ. ನಮ್ಮ ಹಾಗೆ ಅವರೂ ಹುಬ್ಬಳ್ಳಿಯವರು. ನಮಗಿಂತ ಇಪ್ಪತ್ತು ವರ್ಷ ಮೊದಲು ಬಂದು, ಗ್ಯಾಸ್ ಸ್ಟೇಷನ್ ನಡೆಸಿ, ವಯಸ್ಸಾದ ಮೇಲೆ ಅದನ್ನು ಮಾರಿ ಮನೆಯಲ್ಲಿದ್ದರು. ಮಕ್ಕಳಿಗೆ ಅವರು ಅಂಕಲ್, ನಮಗೆ ಕಾಕಾ, ಬೆನ್ನ ಹಿಂದೆ ಎಲ್ಲರಿಗೂ ಫಾರ್ಮ್ ಕಾಕಾ.

ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಯಾವುದೋ ಆಫೀಸು ಮುಚ್ಚಿದಾಗ ಹೊತ್ತು ತಂದ ದೊಡ್ಡ ಜೆರಾಕ್ಸ್ ಯಂತ್ರ, ಒಂದು ಮಡಚುವ ಮೇಜು, ಆರು ಕುರ್ಚಿ, ಗೋಡೆಗೊರಗಿಸಿದ ಕಪಾಟಿನ ತುಂಬ ಫೈಲು. ಯಂತ್ರದ ಮೇಲೆ ಅವರ ಹೆಂಡತಿ, ನಮ್ಮ ಕಾಕಿ, ಕುಟ್ಟಿದ ಶೇಂಗಾ ಚಟ್ನಿಯ ಡಬ್ಬಿ ಸದಾ ಇರುತ್ತಿತ್ತು. ಭಾನುವಾರ ಬೆಳಿಗ್ಗೆ ಶಟರ್ ಎತ್ತಿದರೆ ಸಾಕು, ಹೊಸದಾಗಿ ಬಂದ ಸ್ಟೂಡೆಂಟುಗಳು, ವೀಸಾ ಮುಗಿಯುತ್ತಿದೆ ಎಂದು ಮುಖ ಒಣಗಿಸಿಕೊಂಡ ದಂಪತಿಗಳು, ನನ್ನಂಥ ಇಂಗ್ಲಿಷ್ ಫಾರ್ಮು ಕಂಡರೆ ಪೆನ್ನು ಕೆಳಗಿಡುವವರು ಬಂದು ಕೂರುತ್ತಿದ್ದರು. ಯಾರ ಹತ್ತಿರವೂ ಅವರು ಏನೂ ತೆಗೆದುಕೊಂಡವರಲ್ಲ. ಬಂದವರಿಗೆ ಚಹಾ, ಜೊತೆಗೆ ಒಂದು ಬೈಗುಳ.

ಅವರ ಕೆಲಸದ ರೀತಿ ಒಂದೇ... ಸ್ಯಾಂಪಲ್. ಯಾವ ಅರ್ಜಿ ಬೇಕೋ ಅದರದೊಂದು ತುಂಬಿದ ಪ್ರತಿ ಅವರ ಫೈಲಿನಲ್ಲಿ ಇರುತ್ತಿತ್ತು. ಪಾಸಾದ ಯಾರದೋ ಅರ್ಜಿ, ಹೆಸರಿನ ಮೇಲೆ ಕರಿ ಇಂಕು ಬಳಿದದ್ದು. ಅದರ ಜೆರಾಕ್ಸ್ ಕೊಟ್ಟು, ಇದನ್ನು ನೋಡಿ ಹೊಡೀರಿ ಅನ್ನುವರು. ಹೆಸರು, ಹುಟ್ಟಿದ ತಾರೀಕು, ವಿಳಾಸ ನಮ್ಮದು, ಮಿಕ್ಕದ್ದು ಸ್ಯಾಂಪಲಿನದು. ನನ್ನ ಮತ್ತು ನನ್ನ ಗಂಡನ ಸಿಟಿಜನ್‌ಶಿಪ್ ಆದದ್ದೂ ಹಾಗೆಯೇ. ನಾವು ಊರಲ್ಲಿ ಪರೀಕ್ಷೆಗೆ ಗೈಡು ನೋಡಿ ಓದಿದವರು ತಾನೆ, ನಮಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಆ ಅರ್ಜಿಯಲ್ಲಿ ಗಂಡಸರಿಗೆ ಮಾತ್ರ ಒಂದು ಪ್ರಶ್ನೆಯಿದೆ. ಹದಿನೆಂಟರಿಂದ ಇಪ್ಪತ್ತಾರು ವರ್ಷದೊಳಗೆ ಈ ದೇಶದಲ್ಲಿ ಇದ್ದಿರೋ, ಇದ್ದರೆ ಸೈನ್ಯದ ಪಟ್ಟಿಯಲ್ಲಿ ಹೆಸರು ಬರೆಸಿದ್ದೀರೋ ಎಂದು. ನಾಳೆ ದೊಡ್ಡ ಯುದ್ಧ ಬಂದು ಜನ ಸಾಲದಾದರೆ ಕರೆಯಲು ಸರ್ಕಾರ ಇಟ್ಟುಕೊಂಡ ಪಟ್ಟಿ ಅದು. ಆ ವಯಸ್ಸಿನುದ್ದಕ್ಕೂ ಸ್ಟೂಡೆಂಟ್ ವೀಸಾ, ಕೆಲಸದ ವೀಸಾ ಮೇಲೆ ಇದ್ದವರಿಗೆ ಅದು ಲಾಗೂ ಇಲ್ಲ. ಇಪ್ಪತ್ತಾರು ದಾಟಿ ಬಂದವರಿಗೂ ಇಲ್ಲ. ಕಾಕಾನ ಗ್ಯಾರೇಜಿಗೆ ಬಂದ ನಮ್ಮ ಗಂಡಸರೆಲ್ಲ ಈ ಎರಡರಲ್ಲಿ ಒಂದು. ಹಾಗಾಗಿ ಅವರ ಅಷ್ಟೂ ಸ್ಯಾಂಪಲುಗಳಲ್ಲಿ ಆ ಪ್ರಶ್ನೆಯ ಎದುರು ‘ಇಲ್ಲ’ ಎಂದೇ ಇತ್ತು. ಆದರೆ ಹರೆಯದಲ್ಲೇ ಗ್ರೀನ್ ಕಾರ್ಡ್ ಬಂದ ಹುಡುಗರು ಹೆಸರು ಬರೆಸಲೇಬೇಕು. ಅಂಥ ಹುಡುಗ ಆ ಗ್ಯಾರೇಜಿನ ಮಟ್ಟಿಗೆ ನನ್ನ ಮಗ ಒಬ್ಬನೇ.

ಅವನಿಗೆ ಇಪ್ಪತ್ತೊಂದು ತುಂಬಲು ನಾಲ್ಕು ತಿಂಗಳಿದ್ದಾಗ ನಮ್ಮೆಲ್ಲರ ಗ್ರೀನ್ ಕಾರ್ಡ್ ಬಂತು. ತುಂಬಿದ್ದರೆ ನಮ್ಮ ಜೊತೆ ಅವನಿಗೆ ಸಿಗುತ್ತಿರಲಿಲ್ಲ. ನಾನು ಕುಣಿದಾಡಿ ಬೀದಿಗೆಲ್ಲ ಪೇಢೆ ಹಂಚಿದೆ. ಮಗ ಆಗ ಪೆನ್ಸಿಲ್ವೇನಿಯಾದಲ್ಲಿ ಓದುತ್ತಿದ್ದ, ಅವನ ಟಪಾಲೆಲ್ಲ ಯೂಲೆಸ್ ಮನೆಗೇ ಬರುತ್ತಿತ್ತು. ಗಂಡ ವಾರವಿಡೀ ಹೂಸ್ಟನ್ ಪ್ರಾಜೆಕ್ಟಿನಲ್ಲಿ. ಒಂದು ದಿನ ಮಗನ ಹೆಸರಿಗೆ ಒಂದು ಕವರು ಬಂತು. ಒಡೆದು ನೋಡಿದರೆ, ಸೈನ್ಯದ ಪಟ್ಟಿಗೆ ಹೆಸರು ಕೊಡು, ಅದು ಕಾನೂನು ಎಂದು ಬರೆದಿತ್ತು. ಮಗನನ್ನು ಯುದ್ಧಕ್ಕೆ ಎಳೆದೊಯ್ಯುತ್ತಾರೆ ಅನಿಸಿತು. ಹಾಗೇ ಚಪ್ಪಲಿ ಮೆಟ್ಟಿಕೊಂಡು ಕಾಕಾನ ಮನೆಗೆ ಓಡಿದೆ.

ಕಾಕಾ ಕನ್ನಡಕ ಏರಿಸಿ ಓದಿದರು. ಓದಿದರೋ, ಓದಿದಂತೆ ಮಾಡಿದರೋ... “ಏ ತಂಗಿ, ಇದು ನಮ್ಮಂಥಾವ್ರಿಗೆ ಅಲ್ಲವ್ವಾ. ಇಲ್ಲೇ ಹುಟ್ಟಿದ ಹುಡುಗರಿಗೆ ಕಳಸ್ತಾರ, ತಪ್ಪಿ ನಿಮಗ ಬಂದೈತಿ. ಇಷ್ಟ ಮಂದಿದು ಮಾಡೇನಿ, ಒಬ್ಬರಿಗೂ ಇದು ಬೇಕಾಗಿಲ್ಲ. ಹರದು ಒಗಿ” ಅಂದರು. ನಾನು ಅಲ್ಲೇ ನಿಂತು ಹರಿದೆ.

ಆಗ ನನಗೆ ಎಷ್ಟು ಹಗುರಾಯಿತು ಎಂದರೆ, ಅವರ ಕಾಲಿಗೆ ಬೀಳುವುದೊಂದು ಬಾಕಿ. ಇದನ್ನು ಮುಚ್ಚಿಡುವುದಿಲ್ಲ. ನನಗೆ ಬೇಕಾದ ಮಾತನ್ನೇ ಅವರು ಹೇಳಿದ್ದರು. ಮೂರು ತಿಂಗಳ ಮೇಲೆ ಅಂಥದೇ ಇನ್ನೊಂದು ಕವರು ಬಂತು. ಅದನ್ನು ನಾನು ಕಾಕಾಗೂ ತೋರಿಸಲಿಲ್ಲ, ಗಂಡನಿಗೂ ಹೇಳಲಿಲ್ಲ, ಮಗನಿಗಂತೂ ಇಲ್ಲವೇ ಇಲ್ಲ. ಒಲೆಯ ಪಕ್ಕದ ಕಸದ ಬುಟ್ಟಿಗೆ ಹಾಕಿ ಮೇಲೆ ಈರುಳ್ಳಿ ಸಿಪ್ಪೆ ಸುರಿದೆ.

ಮಗ ಇಪ್ಪತ್ತಾರು ದಾಟುವ ತನಕ ಪೆನ್ಸಿಲ್ವೇನಿಯಾದಲ್ಲೇ ಓದಿ, ಆಮೇಲೆ ಡಲ್ಲಾಸ್‌ನಲ್ಲಿ ಕೆಲಸ ಹಿಡಿದು, ಇಪ್ಪತ್ತೆಂಟಕ್ಕೆ ಧಾರವಾಡದ ಹುಡುಗಿಯನ್ನು ಮದುವೆಯಾದ. ಸೊಸೆ ಅಲ್ಲಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಾಳೆ. ಮಗ ಸಿಟಿಜನ್ ಆದರೆ ಅವಳು ಬೇಗ ಬರಬಹುದು, ಬರೀ ಗ್ರೀನ್ ಕಾರ್ಡ್ ಮೇಲಾದರೆ ಸರದಿ ಬರುವ ತನಕ ಕಾಯಬೇಕು, ಅದು ಎಷ್ಟು ವರ್ಷವೋ ಯಾರೂ ಹೇಳುವುದಿಲ್ಲ. ಮದುವೆಯಾದ ತಿಂಗಳಲ್ಲೇ ಅವನು ಅರ್ಜಿ ಹಾಕಿದ. ಸ್ಯಾಂಪಲ್ ನೋಡಲಿಲ್ಲ, ತಾನೇ ಓದಿ ಇದ್ದದ್ದನ್ನು ಇದ್ದ ಹಾಗೆ ಬರೆದ. ಸೈನ್ಯದ ಪಟ್ಟಿಯಲ್ಲಿ ಹೆಸರು ಬರೆಸಿಲ್ಲ ಎಂದು ಅವನಿಗೆ ತಿಳಿದದ್ದೇ ಆ ಪ್ರಶ್ನೆ ಓದಿದಾಗ. ಅಷ್ಟು ಹೊತ್ತಿಗೆ ಇಪ್ಪತ್ತಾರು ದಾಟಿತ್ತು, ಇನ್ನು ಬರೆಸಲು ಬರುವುದಿಲ್ಲ. ಇದೇ ಟೆಕ್ಸಾಸಿನಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸಿದ್ದರೆ ಅದರ ಜೊತೆಗೇ ಹೆಸರೂ ಸೇರಿಬಿಡುತ್ತಿತ್ತಂತೆ. ಅವನು ಅದನ್ನೂ ಪೆನ್ಸಿಲ್ವೇನಿಯಾದಲ್ಲೇ ಮಾಡಿಸಿದ್ದ. ಇನ್ನು ಮುಂದೆ ಎಲ್ಲ ಹುಡುಗರ ಹೆಸರನ್ನೂ ಸರ್ಕಾರವೇ ತಾನಾಗಿ ಸೇರಿಸಿಕೊಳ್ಳುವ ಹಾಗೆ ಮಾಡುತ್ತಾರಂತೆ. ಮಾಡಲಿ! ಅಷ್ಟು ಸುಲಭವಿದ್ದದ್ದನ್ನು ಇಷ್ಟು ವರ್ಷ ಯಾಕೆ ಮಾಡಲಿಲ್ಲ? ಎಂದೂ ಕರೆಯದ ಒಂದು ಪಟ್ಟಿಗಾಗಿ ಎಷ್ಟು ಮನೆಯ ಹುಡುಗರನ್ನು ಬಾಗಿಲ ಹೊರಗೆ ನಿಲ್ಲಿಸಿದರು? ಸಂಬಳದಲ್ಲಿ ಟ್ಯಾಕ್ಸ್ ಹಿಡಿಯುವಾಗ ಯಾರೂ ನೀನು ಯಾವ ಪಟ್ಟಿಯಲ್ಲಿದ್ದೀಯ ಎಂದು ಕೇಳಲಿಲ್ಲವಲ್ಲ!

ಡಲ್ಲಾಸ್ ಇಂಟರ್‌ವ್ಯೂನಲ್ಲಿ ಆಫೀಸರಮ್ಮ ಆ ಪ್ರಶ್ನೆಯ ಮೇಲೆ ಬೆರಳಿಟ್ಟಳು. ಮೂವತ್ತೊಂದು ತುಂಬುವ ತನಕ ಇದು ಅಡ್ಡ ಬರುತ್ತದೆ, ಬೇಕೆಂದೇ ತಪ್ಪಿಸಿಕೊಂಡದ್ದಲ್ಲ ಎಂದು ಸಾಬೀತು ಮಾಡು, ಗೊತ್ತಿದ್ದವರಿಂದ ಪ್ರಮಾಣ ಮಾಡಿ ಬರೆಸಿ ತಾ ಎಂದು ಒಂದು ತಿಂಗಳು ಕೊಟ್ಟಳು. ಪಟ್ಟಿಯ ಕಚೇರಿಯಿಂದಲೂ ಒಂದು ಪತ್ರ ತರಿಸಬೇಕಿತ್ತು. ಆ ಪತ್ರದಲ್ಲಿ, ಈ ಹುಡುಗನಿಗೆ ಯೂಲೆಸ್ ವಿಳಾಸಕ್ಕೆ ಎರಡು ಸಲ ಬರೆದಿದ್ದೇವೆ ಎಂದಿತ್ತು.

ಮಗ ಅದನ್ನು ಹಿಡಿದು ಅಡುಗೆಮನೆಗೆ ಬಂದ. “ಅಮ್ಮ, ಡಿಡ್ ವಿ ಎವರ್ ಗೆಟ್ ದಿಸ್?”

ಚಪಾತಿ ಲಟ್ಟಿಸುತ್ತಿದ್ದೆ. ತಲೆ ಎತ್ತಲಿಲ್ಲ. “ನೆನಪಿಲ್ಲಪ್ಪಾ” ಅಂದೆ.

ಅದನ್ನು ಅಂದದ್ದು ನಾನೇ. ಬಾಯಿ ತಪ್ಪಿ ಬಂದದ್ದಲ್ಲ. ಮೊದಲು ಕಾಕಾ ತನ್ನ ತಪ್ಪು ಬರೆದು ಕೊಡಲಿ, ಆಮೇಲೆ ನನ್ನದು ಹೇಳುತ್ತೇನೆ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಮಗನ ಎದುರು ನಾನೊಬ್ಬಳೇ ಯಾಕೆ ತಲೆ ತಗ್ಗಿಸಬೇಕು?

ಆ ಭಾನುವಾರ ಗ್ಯಾರೇಜಿಗೆ ಹೋದೆ. ನಾಲ್ಕು ಜನ ಕೂತಿದ್ದರು. ನಾನು ಲೆಕ್ಕಿಸಲಿಲ್ಲ. “ಕಾಕಾ, ನಾ ಕಾಗದ ತಂದು ತೋರಿಸಿದ್ದೆ, ನೀವು ಹರಿ ಅಂದ್ರಿ. ಅಷ್ಟ ಬರದು ಸಹಿ ಮಾಡಿ ಕೊಡ್ರಿ, ನನ್ನ ಮಗನ ಬಾಳ್ವೆ ಐತ್ರಿ ಅದರಾಗ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಾ ವಕೀಲ ಅಲ್ಲವ್ವಾ. ನಾ ಹಿಂಗ ಹೇಳೀನಿ ಅಂತ ಬರದು ಕೊಟ್ರ ನಾಳೆ ಅವರು ನನ್ನ ಬಾಗಲಿಗೇ ಬರ್ತಾರ. ನಾ ಮಾಡಿಕೊಟ್ಟ ಮಂದೀದು ಎಲ್ಲಾರ್ದೂ ತಗದು ನೋಡ್ತಾರ.” ಆಮೇಲೆ ಮೆಲ್ಲಗೆ, “ನೀನ ಬರದು ಕೊಡು. ಹರದಾಕಿ ನೀ ಅಲ್ಲೇನು?” ಅಂದರು.

ಮೇಲೆ ವಿಮಾನ ಹೋಗುತ್ತಿತ್ತು. ಅವತ್ತು ನಾನು ಕಾಯಲಿಲ್ಲ. ಅದರ ಸದ್ದಿನ ಮೇಲೆ ಸದ್ದು ಮಾಡಿ ಬೈದೆ. ಹತ್ತು ವರ್ಷ ಅವರ ಚಹಾ ಕುಡಿದ ಬಾಯಿಂದಲೇ ಬೈದೆ. “ಇನ್ನ ಮ್ಯಾಲೆ ನಿಮ್ಮ ಮಾರಿ ನೋಡಂಗಿಲ್ಲ” ಎಂದು ಹೇಳಿ ಬಂದೆ. ಕಾಕಿ ಒಳಗಿನ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ಮನೆಗೆ ಬಂದು ಇಬ್ಬರ ನಂಬರನ್ನೂ ಬ್ಲಾಕ್ ಮಾಡಿದೆ.

ಆಮೇಲೂ ಗಡುವಿಗೆ ಮೂರು ವಾರ ಇತ್ತು. ನಾನು ಬರೆದು ಕೊಡಬಹುದಿತ್ತು. ಕಾಗದ ಬಂದಿತ್ತು, ಮಗ ಊರಲ್ಲಿರಲಿಲ್ಲ, ಅವನಿಗೆ ತೋರಿಸದೆ ನಾನು ಹರಿದೆ... ಇಷ್ಟೇ. ಬರೆಯಲಿಲ್ಲ. ಅವರು ಬರೆಯದೆ ನಾನೇಕೆ ಬರೆಯಲಿ ಎಂಬ ಹಟ. ಹಟ ಎಂದರೆ ಮರ್ಯಾದೆಯ ಮಾತಾಯಿತು, ಅದು ಹೆದರಿಕೆ. ಮಗ ತನಗೆ ಗೊತ್ತಿರಲಿಲ್ಲ ಎಂದು ತಾನೊಬ್ಬನೇ ಬರೆದು ಕಳಿಸಿದ. ಕಾಗದ ಹೋಗಿದೆ ಎಂದು ದಾಖಲೆ ಇದೆ, ಅದು ಅವನ ಕೈ ಸೇರಲಿಲ್ಲ ಎನ್ನಲು ಯಾರೂ ಇಲ್ಲ. ಅರ್ಜಿ ತಿರಸ್ಕಾರವಾಯಿತು. ಸೊಸೆ ಧಾರವಾಡದಲ್ಲೇ ಉಳಿದಳು. ಹಬ್ಬಕ್ಕೆ ಫೋನಿನಲ್ಲಿ ನಮಸ್ಕಾರ ಮಾಡುತ್ತಾಳೆ, ನಾನು ಫೋನಿಗೆ ಅಕ್ಷತೆ ಹಾಕುತ್ತೇನೆ. ಮೂರು ವರ್ಷವಾಯಿತು.

ಮಗನ ಹೊಸ ಕೆಲಸಕ್ಕೆಂದು ನಾವು ಆಸ್ಟಿನ್ ಪಕ್ಕದ ರೌಂಡ್ ರಾಕ್‌ಗೆ ಶಿಫ್ಟ್ ಆದೆವು. ಕಾಕಾ ಕಾಕಿಯೂ ಮನೆ ಖಾಲಿ ಮಾಡಿ ಹೂಸ್ಟನ್ ಪಕ್ಕ ಮಗಳಿರುವ ಫುಲ್‌ಶೀರ್‌ಗೆ ಹೋದರೆಂದು ಕೇಳಿದೆ. ಹೋದ ವರ್ಷ ವಾಟ್ಸಾಪ್ ಗುಂಪಿನಲ್ಲಿ ಕಾಕಾನ ಫೋಟೋ ಬಂತು, ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಹೂಸ್ಟನ್‌ನಲ್ಲಿ ಅಂತ್ಯಕ್ರಿಯೆ. ಗಂಡ ಡ್ರೈವ್ ಮಾಡಿಕೊಂಡು ಹೋಗಿಬಂದರು. ಮಗ ಆಫೀಸಿಗೆ ರಜೆ ಹಾಕಿ ಜೊತೆಗೆ ಹೋದ. ಅವನಿಗೇಕೆ ಇಷ್ಟು ಸಂಕಟ ಎಂದು ನನಗೆ ಸಿಟ್ಟೇ ಬಂತು. ನಾನು ಹೋಗಲಿಲ್ಲ. ಅವತ್ತು ಬದನೆಕಾಯಿ ಎಣ್ಣೆಗಾಯಿ ಮಾಡಿ ಎರಡು ಸಲ ಬಡಿಸಿಕೊಂಡು ಉಂಡೆ.

ಲೈಬ್ರರಿಯಿಂದ ಹೊರಗೆ ಬಂದಾಗ ಮಗ ಕಾರಿನಲ್ಲಿ ಕಾಯುತ್ತಿದ್ದ. ಅವನಿಗೆ ಈಗ ಮೂವತ್ತೊಂದು ದಾಟಿದೆ, ಹೊಸದಾಗಿ ಅರ್ಜಿ ಹಾಕಿದ್ದಾನೆ, ಆಸ್ಟಿನ್‌ನಲ್ಲಿ ಬೆರಳಚ್ಚು ಕೊಡಲು ಕರೆ ಬಂದಿದೆ. ಕೈಯಲ್ಲಿದ್ದ ಹಾಳೆ ಇನ್ನೂ ಬೆಚ್ಚಗಿತ್ತು. ಅವನು ಕಾರು ಸ್ಟಾರ್ಟ್ ಮಾಡುವ ಮೊದಲು ಹೇಳಿಬಿಟ್ಟೆ. ಎರಡೂ ಕವರು, ಗ್ಯಾರೇಜು, ಈರುಳ್ಳಿ ಸಿಪ್ಪೆ, ನೆನಪಿಲ್ಲ ಅಂದ ಸುಳ್ಳು, ಎಲ್ಲ.

ಅವನು ಸ್ಟೀರಿಂಗ್ ಮೇಲೆ ಕೈಯಿಟ್ಟು ಮುಂದೆ ನೋಡುತ್ತಿದ್ದ. “ಐ ನೋ, ಅಮ್ಮ” ಅಂದ.

ಗ್ಯಾರೇಜಿನ ಜಗಳವಾಗಿ ಮೂರನೆಯ ದಿನಕ್ಕೆ ಕಾಕಾ ಅವನಿಗೆ ಫೋನ್ ಮಾಡಿದ್ದರಂತೆ. ತಪ್ಪು ನನ್ನದು, ಏನಾದರೂ ಆಗಲಿ ನಾನು ಬರೆದು ಕೊಡುತ್ತೇನೆ ಅಂದಿದ್ದರಂತೆ. ಬೇಡ ಎಂದವನು ಇವನೇ. ಕಾಕಾ ಬರೆದರೆ ಕಾಗದ ತಂದವಳು ನಾನು ಎಂದು ಬರೆಯಬೇಕು, ಆಗ ನಾನು ಇವನಿಗೆ ‘ನೆನಪಿಲ್ಲ’ ಎಂದದ್ದು ಸುಳ್ಳೆಂದು ಬಯಲಾಗುತ್ತಿತ್ತು. ಅಮ್ಮನಿಗೆ ಈ ವಿಷಯ ತಿಳಿಯಬಾರದು ಎಂದು ಅವರಿಂದ ಮಾತು ತೆಗೆದುಕೊಂಡನಂತೆ.

“ನೀನೇ ಹೇಳ್ತಿ ಅಂತ ಕಾಯ್ತಿದ್ದೆ” ಅಂದ, ಕನ್ನಡದಲ್ಲಿ. ಅವನು ನನ್ನೊಡನೆ ಇಡೀ ವಾಕ್ಯ ಕನ್ನಡದಲ್ಲಿ ಆಡಿ ಎಷ್ಟು ವರ್ಷವಾಗಿತ್ತೋ. ಆಮೇಲೆ ಕಾರು ಹೊರಡಿಸಿದ.

ಅವತ್ತಿನಿಂದ ಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೇನೆ. ಮೂರು ವರ್ಷ ಆ ಮುದುಕನನ್ನು ಬೈದು ನನ್ನ ಹೊಟ್ಟೆ ತಣ್ಣಗಿಟ್ಟುಕೊಂಡೆ. ಮಾರಿ ನೋಡುವುದಿಲ್ಲ ಎಂದ ಮಾತು ಹಾಗೆಯೇ ನಡೆದುಹೋಯಿತು. ಕಾಕಿಯ ನಂಬರನ್ನು ಬ್ಲಾಕಿನಿಂದ ತೆಗೆದಿದ್ದೇನೆ, ಇನ್ನೂ ಫೋನ್ ಮಾಡಿಲ್ಲ... ಕಾಕಾ ಇದ್ದಿದ್ದರೆ ಫುಲ್‌ಶೀರ್ ತನಕ ಹೋಗಿ, ಒಬ್ಬ ಹುಡುಗನ ಮಾತು ಕಟ್ಟಿಕೊಂಡು ನನಗೇಕೆ ಹೇಳಲಿಲ್ಲ ಎಂದು ಬಾಗಿಲಲ್ಲೇ ನಿಂತು ಜಗಳ ಮಾಡುತ್ತಿದ್ದೆ. ಆ ಜಗಳಕ್ಕೂ ಈಗ ಅವರಿಲ್ಲ.