ಕಿಟಕಿಯಲ್ಲಿ ಒಣಗಿದ ನಿಕ್ಕಲ್

ನಾನು ಪಾಠ ಮಾಡುವ ಹಾಸನದ ಕಾಲೇಜಿನ ಲ್ಯಾಬಿನಲ್ಲಿ, ಬೆಂಜೀನ್‌ಗೆ ಹೈಡ್ರೋಜನ್ ಕೂಡಿಸಲು ನಿಕ್ಕಲ್ ವಾಸಿಯೋ ಪಲ್ಲೇಡಿಯಂ ವಾಸಿಯೋ ಎಂದು ಹೋಲಿಸಿ ನೋಡುತ್ತಿದ್ದೆ. ನಾನು ಬಳಸುತ್ತಿದ್ದ ನಿಕ್ಕಲ್ ಪುಡಿಯನ್ನು ನೀರಿನಲ್ಲೇ ಇಡಬೇಕು. ಒಣಗಿದರೆ ಗಾಳಿ ತಾಕಿದರೂ ಸಾಕು, ಹೊತ್ತಿಕೊಳ್ಳುತ್ತದೆ.

ಒಂದು ಬೆಳಿಗ್ಗೆ ಬಂದು ನೋಡಿದರೆ ಆ ಪುಡಿ ಕಿಟಕಿಯ ಬಿಸಿಲಲ್ಲಿ, ಪೇಪರ್ ಮೇಲೆ ಹರಡಿಕೊಂಡಿತ್ತು. ಅಂಚಿನಲ್ಲಿ ತೇವ ಆರುತ್ತಿತ್ತು. ಮಾರು ದೂರದಲ್ಲೇ ಹೈಡ್ರೋಜನ್ ಸಿಲಿಂಡರ್.

“ಜವರಣ್ಣ, ಅದನ್ನ ಮುಟ್ಟಬೇಡಿ,” ಎಂದು ಅಟೆಂಡರ್‌ಗೆ ಮೆಲ್ಲಗೆ ಹೇಳಿ, ಉಸಿರು ಬಿಗಿಹಿಡಿದು ನೀರು ಸುರಿದೆ. ಒಂದು ಮೂಲೆ ಚುರ್ ಎಂದು ಸುಮ್ಮನಾಯಿತು.

“ಒಣಗಿಸೋಕೆ ಯಾರು ಹೇಳಿದ್ದು?”

“ನೀವೇಯ ಸಾ. ನೆನ್ನೆ ಪಲ್ಲೇಡಿಯಂ ಒಣಗಿಸ್ವಾಗ, ಎಲ್ಡನ್ನೂ ಒಂದೇ ತರ ನೋಡ್ಕಬೇಕು, ಇಲ್ದಿದ್ರೆ ಓಲ್ಸಿ ನೋಡಕ್ಕಾಗಲ್ಲ ಅಂದ್ರಲ್ಲ.”

ಅಷ್ಟು ಗಮನವಿಟ್ಟು ನನ್ನ ಪಾಠವನ್ನು ಕ್ಲಾಸಿನಲ್ಲಿ ಯಾರೂ ಕೇಳಿದ್ದಿಲ್ಲ.